ಅಂದಾಜು ಬೇರೆ, ಫೈಸಲಾ ಬೇರೆ

ಹೋದ ವರ್ಷ ಆಗಸ್ಟಿನ ಮಾತು. ನಾನು ಪ್ರಥಮ ಪಿಯುಸಿ ವಾಣಿಜ್ಯ ವಿಭಾಗಕ್ಕೆ ಸೇರಿ ಎರಡು ತಿಂಗಳಾಗಿತ್ತು. ಮೊದಲ ಕಿರುಪರೀಕ್ಷೆ ಮುಗಿದ ವಾರ ನೋಟಿಸ್ ಬೋರ್ಡಿಗೆ ಒಂದು ಪಟ್ಟಿ ಹಚ್ಚಿದರು. ಅದರ ತಲೆಬರಹ ‘ಮುಂದಿನ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುವ ಸಂಭವವಿರುವ ವಿದ್ಯಾರ್ಥಿಗಳು’. ಹನ್ನೊಂದನೆಯ ಹೆಸರು ನನ್ನದು. ಲೆಕ್ಕಶಾಸ್ತ್ರದಲ್ಲಿ 50ಕ್ಕೆ 15 ಬಂದಿತ್ತು. ಪಾಸಾಗಲು 18 ಬೇಕಿತ್ತು.

ಸಂಜೆ ಇಂಡಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿ ಕಡೆ ಮುಖ ಮಾಡಿ ಕುಳಿತೆ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಯಾರೋ ಪಟ್ಟಿಯ ಫೋಟೊ ತೆಗೆದು ಕಳಿಸಿದ್ದರು. ಅಬ್ಬಾ ಬೈಯಲಿಲ್ಲ. ‘ಫೈಸಲಾ ಹೋಗಯಾ ಕ್ಯಾ?’ ಎಂದಷ್ಟೇ ಕೇಳಿದರು. ಎಂದರೆ, ತೀರ್ಪು ಆಗಿಯೇ ಹೋಯಿತೇನು ಎಂದು.

ನನಗೆ ಅವತ್ತು ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಈ ವರ್ಷವೂ ಅಂಥದೇ ಪಟ್ಟಿ ಬೋರ್ಡಿನ ಮೇಲೆ ಬಂದಿರುವುದರಿಂದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಬ್ಬಾ ಲಿಂಬೆಹಣ್ಣಿನ ವ್ಯಾಪಾರ ಮಾಡುತ್ತಾರೆ. ತೋಟದಲ್ಲಿ ಒಂದು ಸುತ್ತು ಹಾಕಿ ‘ಇಷ್ಟು ಚೀಲ ಆದೀತು’ ಎಂದು ಅಂದಾಜು ಹೇಳುತ್ತಾರೆ. ಅವರ ಅಂದಾಜು ಬಹಳ ಸಲ ಹತ್ತಿರಕ್ಕೇ ಬರುತ್ತದೆ. ಆದರೆ ರೈತನಿಗೆ ದುಡ್ಡು ಎಣಿಸುವುದು ಚೀಲ ಎಣಿಸಿದ ಮೇಲೆಯೇ. ಅಂದಾಜಿನ ಮೇಲೆ ಲೆಕ್ಕ ಚುಕ್ತಾ ಮಾಡಿದರೆ ಒಬ್ಬರಲ್ಲ ಒಬ್ಬರಿಗೆ ಮೋಸವಾಗುತ್ತದೆ. ನಮ್ಮ ಮನೆಯ ‘ಅಂದಾಜಾ’ ಕನ್ನಡಕ್ಕೆ ಬಂದು ‘ಅಂದಾಜು’ ಆಯಿತು. ನಮ್ಮ ‘ಫೈಸಲಾ’ ಕಚೇರಿ ಕನ್ನಡದಲ್ಲಿ ‘ಫೈಸಲು’ ಆಯಿತು. ಎರಡು ಭಾಷೆಯಲ್ಲೂ ಅವು ಎರಡು ಬೇರೆ ಬೇರೆ ಮಾತುಗಳೇ. ನಮ್ಮ ನೋಟಿಸ್ ಬೋರ್ಡು ಮಾತ್ರ ಎರಡನ್ನೂ ಒಂದೇ ಮಾಡಿತ್ತು.

ಅದೇ ವರ್ಷ ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧ ಮತ್ತು ರಿಗ್ರೆಷನ್ ಪಾಠ ಬಂತು. ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರುತ್ತವೆ, ಇಳಿಯುತ್ತವೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು ಸಹಸಂಬಂಧ ಗುಣಾಂಕ. ಕಾರ್ಲ್ ಪಿಯರ್ಸನ್ ಹೆಸರಿನ ಸೂತ್ರ ನಮಗೆಲ್ಲ ಬಾಯಿಪಾಠ. ಗುಣಾಂಕ 1 ಬಂದರೆ ಮೊದಲ ಅಂಕ ಗೊತ್ತಾದರೆ ಎರಡನೆಯದೂ ಗೊತ್ತಾದಂತೆ. ಸೊನ್ನೆ ಬಂದರೆ ಮೊದಲ ಅಂಕದಿಂದ ಏನೂ ತಿಳಿಯುವುದಿಲ್ಲ. ಕ್ಲಾಸಿನ ಎರಡು ಪರೀಕ್ಷೆಗಳ ನಡುವಿನ ಗುಣಾಂಕ ಸಾಮಾನ್ಯವಾಗಿ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಚೆನ್ನಾಗಿ ಓದುವವರು ಬಹಳ ಮಟ್ಟಿಗೆ ಚೆನ್ನಾಗಿಯೇ ಬರೆಯುತ್ತಾರೆ, ಯಾವಾಗಲೂ ಅಲ್ಲ.

ಎರಡನೆಯ ಅಂಕವನ್ನು ಅಂದಾಜು ಮಾಡುವ ಸೂತ್ರ ಹೀಗಿದೆ: ಮೊದಲ ಪರೀಕ್ಷೆಯ ಸರಾಸರಿಗಿಂತ ನೀವು ಎಷ್ಟು ಹೆಚ್ಚು ಅಥವಾ ಕಡಿಮೆ ಇದ್ದೀರಿ ನೋಡಿ. ಅದನ್ನು ಗುಣಾಂಕದಿಂದ ಗುಣಿಸಿ. ಎರಡು ಪರೀಕ್ಷೆಗಳ ಮಾನಕ ವಿಚಲನೆ ಬೇರೆಯಾಗಿದ್ದರೆ ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಅದರಿಂದಲೂ ಗುಣಿಸಿ. ಬಂದದ್ದನ್ನು ಎರಡನೆಯ ಪರೀಕ್ಷೆಯ ಸರಾಸರಿಗೆ ಕೂಡಿಸಿ. ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ನಮ್ಮ ಕ್ಲಾಸಿನ ಅಂಕಿ ಅಲ್ಲ, ಲೆಕ್ಕ ಸುಲಭವಾಗಲೆಂದು ಹಿಡಿದದ್ದು. ಎರಡೂ ಪರೀಕ್ಷೆ 50 ಅಂಕದವು, ಸರಾಸರಿ 25, ಮಾನಕ ವಿಚಲನೆ 8, ಗುಣಾಂಕ 0.6. ಈಗ 15 ತೆಗೆದುಕೊಂಡ ನನ್ನಂಥವಳನ್ನು ನೋಡಿ. ನಾನು ಸರಾಸರಿಗಿಂತ 10 ಕಡಿಮೆ. ಹತ್ತನ್ನು 0.6ರಿಂದ ಗುಣಿಸಿದರೆ 6. ಆದ್ದರಿಂದ ಎರಡನೆಯ ಪರೀಕ್ಷೆಗೆ ನನ್ನ ಅಂದಾಜು 25ರಲ್ಲಿ 6 ಕಳೆದು 19.

ಈ 19ನ್ನು ನೋಡಿ ನಾನು ಲೆಕ್ಕ ತಪ್ಪಿದೆನೆಂದು ಮೂರು ಸಲ ಮಾಡಿದೆ. ಪಾಸಿನ ಗೆರೆ 18. ಫೇಲಾಗುವವರ ಪಟ್ಟಿಗೆ ಸೇರಿಸಿದ ಹುಡುಗಿಗೆ ಸೂತ್ರ ಹೇಳುವ ಅಂದಾಜು ಪಾಸು!

ಸರ್ ಹತ್ತಿರ ಓಡಿದೆ. ಅವರು ನಕ್ಕು, ‘ಈ ಸೂತ್ರ ನಿನ್ನ ಅಂಕ ಹೇಳೂದಿಲ್ಲ ತಂಗಿ. ನಿನ್ನಷ್ಟೇ ಅಂಕ ತಗೊಂಡ ನೂರು ಮಂದಿಯ ಸರಾಸರಿ ಹೇಳತೈತಿ. ಆ ನೂರರಾಗ ನೀ ಎಲ್ಲಿ ನಿಲ್ಲತಿ ಅನ್ನೂದು ಅದಕ್ಕ ಗೊತ್ತಿಲ್ಲ’ ಎಂದರು. ಆಮೇಲೆ ಇನ್ನೊಂದು ಲೆಕ್ಕ ಮಾಡಿಸಿದರು. ಅಂದಾಜು ಎಷ್ಟು ತಪ್ಪಬಹುದು ಎಂಬ ಲೆಕ್ಕ ಅದು. ಗುಣಾಂಕದ ವರ್ಗವನ್ನು ಒಂದರಿಂದ ಕಳೆದು, ಅದರ ವರ್ಗಮೂಲ ತೆಗೆದು, ಮಾನಕ ವಿಚಲನೆಯಿಂದ ಗುಣಿಸಬೇಕು. 0.6ರ ವರ್ಗ 0.36. ಒಂದರಿಂದ ಕಳೆದರೆ 0.64. ಅದರ ವರ್ಗಮೂಲ 0.8. ಎಂಟನ್ನು 0.8ರಿಂದ ಗುಣಿಸಿದರೆ 6.4.

ಈ 6.4ನ್ನು ಸ್ವಲ್ಪ ನಿಂತು ನೋಡಬೇಕು. ಮೊದಲ ಪರೀಕ್ಷೆಯ ಅಂಕ ಗೊತ್ತೇ ಇಲ್ಲದಿದ್ದರೆ ಎಲ್ಲರಿಗೂ ‘25 ಬಂದೀತು’ ಎಂದು ಹೇಳಿ ನಾವು ತಪ್ಪುತ್ತಿದ್ದದ್ದು 8ರ ಲೆಕ್ಕದಲ್ಲಿ. ಅಂಕ ಗೊತ್ತಾದ ಮೇಲೆ ತಪ್ಪುವುದು 6.4ರ ಲೆಕ್ಕದಲ್ಲಿ. 0.6 ಎಂಬುದು ಕೇಳಲು ದೊಡ್ಡ ಗುಣಾಂಕ. ಆದರೂ ನಮ್ಮ ಅಜ್ಞಾನದಲ್ಲಿ ಅದು ಕಳೆದದ್ದು ಐದರಲ್ಲಿ ಒಂದು ಪಾಲು ಮಾತ್ರ. ನಾಲ್ಕು ಪಾಲು ಹಾಗೆಯೇ ಉಳಿಯಿತು.

ಅಂಕಗಳು ಗಂಟೆಯಾಕಾರದ ವಕ್ರರೇಖೆಯಂತೆ ಹರಡಿವೆ ಎಂದುಕೊಂಡರೆ, ಮೊದಲ ಪರೀಕ್ಷೆಯಲ್ಲಿ 15 ತೆಗೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎರಡನೆಯದರಲ್ಲಿ 18 ದಾಟುತ್ತಾರೆ. ಆರು ಜನರಲ್ಲಿ ಒಬ್ಬರು ಕ್ಲಾಸಿನ ಸರಾಸರಿಯನ್ನೇ ದಾಟುತ್ತಾರೆ. ಇನ್ನೊಂದು ಕಡೆ, ಮೊದಲ ಪರೀಕ್ಷೆಯಲ್ಲಿ 22 ತೆಗೆದು ನಿಶ್ಚಿಂತೆಯಿಂದ ಕ್ಯಾಂಟೀನಿನಲ್ಲಿ ಕುಳಿತವರಲ್ಲಿ ಐದಕ್ಕೆ ಒಬ್ಬರು ಎರಡನೆಯದರಲ್ಲಿ ಫೇಲಾಗುತ್ತಾರೆ. ಸರ್ ಸಹಾಯದಿಂದ ಕಂಪ್ಯೂಟರ್ ಲ್ಯಾಬಿನಲ್ಲಿ ಇದೇ ಉದಾಹರಣೆಯನ್ನು ದೊಡ್ಡದು ಮಾಡಿ ನೋಡಿದೆವು. ಎರಡನೆಯ ಪರೀಕ್ಷೆಯಲ್ಲಿ ಫೇಲಾದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮೊದಲನೆಯದರಲ್ಲಿ ಪಾಸಾದವರೇ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಯಾರೂ ಅವರನ್ನು ಕರೆದು ಪಾಠ ಹೇಳುವುದಿಲ್ಲ.

ಹಾಗಾದರೆ ಪಟ್ಟಿ ಪೂರಾ ಸುಳ್ಳೇ? ಅಲ್ಲ. ಅದರಲ್ಲಿದ್ದವರಿಗೆ ಉಳಿದವರಿಗಿಂತ ಅಪಾಯ ಹೆಚ್ಚೆಂಬುದು ನಿಜ. ನನ್ನ ಜೊತೆ ಪಟ್ಟಿಯಲ್ಲಿದ್ದ ಕೆಲವರು ಎರಡನೆಯದರಲ್ಲೂ ಪಾಸಾಗಲಿಲ್ಲ. ನನ್ನ ತಕರಾರು ಅಂದಾಜಿನ ಮೇಲಲ್ಲ, ಅಂದಾಜನ್ನು ಫೈಸಲಾ ಮಾಡಿದ್ದರ ಮೇಲೆ.

ಇಂಥ ಫೈಸಲಾ ಇಡೀ ರಾಜ್ಯದಲ್ಲೇ ಒಮ್ಮೆ ಆಗಿದೆ. ಅದರಲ್ಲಿ ನಮ್ಮ ಆಪಾ ಇದ್ದಳು. 2021ರಲ್ಲಿ ಕೋವಿಡ್ ಕಾರಣ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಬರೆಯದ ಪರೀಕ್ಷೆಗೆ ಅಂಕ ಕೊಡಬೇಕಾಯಿತು. ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಶೇ. 45, ಪ್ರಥಮ ಪಿಯುಸಿ ಅಂಕಕ್ಕೆ ಶೇ. 45, ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ಎಂದು ಹಂಚಿ ಫಲಿತಾಂಶ ತಯಾರಿಸಿದರು. ಜುಲೈ 20ರಂದು ಪ್ರಕಟಿಸಿದ ಆ ಫಲಿತಾಂಶದಲ್ಲಿ 6.66 ಲಕ್ಷ ವಿದ್ಯಾರ್ಥಿಗಳು ಪಾಸಾದರು. 2,239 ಜನರಿಗೆ 600ಕ್ಕೆ 600 ಬಂತು. ಪರೀಕ್ಷೆ ನಿಜವಾಗಿ ನಡೆದ ಮರುವರ್ಷ, 2022ರಲ್ಲಿ, ರಾಜ್ಯದ ಅತಿ ಹೆಚ್ಚು ಅಂಕ 598.

ಆ ಸಂಕಟದ ಕಾಲದಲ್ಲಿ ಬೇರೆ ದಾರಿ ಸುಲಭವಿರಲಿಲ್ಲ, ಒಪ್ಪುತ್ತೇನೆ. ಯಾರನ್ನೂ ಫೇಲು ಮಾಡಲಿಲ್ಲ, ಅದು ದೊಡ್ಡ ಮನಸ್ಸು. ಆದರೆ ಆಪಾಳ ಲೆಕ್ಕ ನೋಡಿ. ಅವಳು ಉರ್ದು ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದು ಪ್ರಥಮ ಪಿಯುಸಿಯಲ್ಲಿ ಎಡವಿದಳು. ಎರಡನೆಯ ವರ್ಷ, ಮೊಬೈಲ್ ಒಂದನ್ನೇ ಹಂಚಿಕೊಂಡು, ರಾತ್ರಿ ಕುಳಿತು ಓದಿ ಮೇಲೆ ಬಂದಿದ್ದಳು. ಆ ವರ್ಷದ ದುಡಿಮೆಗೆ ಸಿಕ್ಕ ತೂಕ ನೂರಕ್ಕೆ ಹತ್ತು. ಉಳಿದ ತೊಂಬತ್ತು ಅವಳು ದಾಟಿ ಬಂದಿದ್ದ ಹಳೆಯ ದಿನಗಳದು. ಅಂಕ ಒಪ್ಪಿಗೆಯಾಗದವರು ಪರೀಕ್ಷೆ ಬರೆಯಬಹುದು ಎಂದು ಆಗಸ್ಟಿನಲ್ಲಿ ಅವಕಾಶ ಕೊಟ್ಟಿದ್ದರು. ‘ಬಂದದ್ದೂ ಹೋದೀತು’ ಎಂದು ಹೆದರಿ ಅವಳು ಬರೆಯಲಿಲ್ಲ. ಇವತ್ತಿಗೂ ಯಾರಾದರೂ ಪಿಯುಸಿ ಅಂಕ ಕೇಳಿದರೆ, ‘ಅದು ನಾನು ಬರೆದ ಪರೀಕ್ಷೆದಲ್ಲ’ ಎಂದೇ ಶುರು ಮಾಡುತ್ತಾಳೆ.

ಅದಕ್ಕೂ ಒಂದು ವರ್ಷ ಮೊದಲು, 2020ರಲ್ಲಿ, ಇಂಗ್ಲೆಂಡಿನಲ್ಲಿ ಪರೀಕ್ಷೆಯಿಲ್ಲದೆ ಗ್ರೇಡು ಕೊಡುವಾಗ ಶಿಕ್ಷಕರು ಹೇಳಿದ ಗ್ರೇಡುಗಳನ್ನು ಕಂಪ್ಯೂಟರ್ ಸೂತ್ರಕ್ಕೆ ಹಾಕಿದರು. ಆಯಾ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವೂ ಆ ಸೂತ್ರದಲ್ಲಿ ಸೇರಿತ್ತು. ಸುಮಾರು ಶೇ. 39ರಷ್ಟು ಗ್ರೇಡುಗಳು ಶಿಕ್ಷಕರು ಹೇಳಿದ್ದಕ್ಕಿಂತ ಕೆಳಗಿಳಿದವು. ವಿದ್ಯಾರ್ಥಿಗಳು ಬೀದಿಗಿಳಿದರು. ಆಗಸ್ಟ್ 17ರಂದು ಸರಕಾರ ಆ ಗ್ರೇಡುಗಳನ್ನು ಕೈಬಿಟ್ಟು ಶಿಕ್ಷಕರ ಮಾತನ್ನೇ ಒಪ್ಪಿಕೊಂಡಿತು. ತನಗಿಂತ ಮೊದಲು ಅದೇ ಶಾಲೆಯಲ್ಲಿ ಓದಿದವರು ಹೇಗೆ ಬರೆದರು ಎಂಬುದರ ಮೇಲೆ ತನ್ನ ಭವಿಷ್ಯ ಬರೆದರೆ ಯಾರು ಸುಮ್ಮನಿರುತ್ತಾರೆ?

ನಮ್ಮ ಕಾಲೇಜಿಗೆ ಬರೋಣ. ಇಲ್ಲಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬರುವವರಿದ್ದಾರೆ. ಕೆಲವರು ಕನ್ನಡ ಮಾಧ್ಯಮದಿಂದ, ಕೆಲವರು ಉರ್ದು ಮಾಧ್ಯಮದಿಂದ, ಕೆಲವರು ಇಂಗ್ಲಿಷ್ ಮಾಧ್ಯಮದಿಂದ ಬಂದವರು. ಅಬ್ಬಾನ ವಹಿ ನೋಡಿ ಜಮಾ, ಖರ್ಚು, ಬಾಕಿ, ವಸೂಲಿ ಎಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಪ್ರಶ್ನೆಪತ್ರಿಕೆಯಲ್ಲಿ ‘ಡೆಬಿಟ್’, ‘ಕ್ರೆಡಿಟ್’, ‘ಲೆಡ್ಜರ್’ ಎಂದು ನೋಡಿದಾಗ, ಮನೆಯ ಬಾಕಿಯೇ ಇಲ್ಲಿ ಬೇರೆ ಅಂಗಿ ತೊಟ್ಟು ನಿಂತಿದೆ ಎಂದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ಮೊದಲ ಕಿರುಪರೀಕ್ಷೆ ಅಳೆದದ್ದು ನನ್ನ ಲೆಕ್ಕಶಾಸ್ತ್ರವನ್ನೋ ನನ್ನ ಭಾಷೆಯನ್ನೋ? ಎರಡನೆಯ ಪರೀಕ್ಷೆಯ ಹೊತ್ತಿಗೆ ಭಾಷೆಯ ತೊಡಕು ಅರ್ಧ ಬಿಚ್ಚಿತ್ತು. ನನಗೆ 29 ಬಂತು.

ಇಲ್ಲಿ ಪಾಠದ ಇನ್ನೊಂದು ಮಾತು ನೆನಪಿಡಬೇಕು. ಗುಣಾಂಕ ಲೆಕ್ಕ ಹಾಕಿದ ಗುಂಪು ಒಂದು, ಅನ್ವಯಿಸುವ ಗುಂಪು ಇನ್ನೊಂದು ಆದರೆ ಅಂದಾಜು ದಾರಿ ತಪ್ಪುತ್ತದೆ. ಮಾಧ್ಯಮ ಬದಲಿಸದೆ ಬಂದವರ ಅಂಕ ನೋಡಿ ಮಾಡಿದ ಲೆಕ್ಕ, ಮಾಧ್ಯಮ ಬದಲಿಸಿ ಬಂದವರಿಗೆ ಹೊಂದುತ್ತದೆ ಎಂದು ಮೊದಲೇ ಹೇಳಲಾಗದು.

ಈ ವಿಷಯ ಮಾತಾಡುವಾಗ ಒಬ್ಬರು ಉಪನ್ಯಾಸಕರು ನನಗೆ ಹೇಳಿದರು: ‘ಪಟ್ಟಿ ಹಚ್ಚಿದ್ದಕ್ಕೇ ನೀವೆಲ್ಲ ಎಚ್ಚೆತ್ತಿರಿ. ಪಟ್ಟಿಯಲ್ಲಿದ್ದವರ ಸರಾಸರಿ ಎರಡನೆಯದರಲ್ಲಿ ಏರಿದೆ, ನೋಡು.’ ಅವರ ಕಾಳಜಿ ನಿಜ, ನಾನು ಗೌರವಿಸುತ್ತೇನೆ. ಆದರೆ ಮೇಲಿನ ಉದಾಹರಣೆಯಲ್ಲಿ ಯಾರೂ ಪಟ್ಟಿ ಹಚ್ಚಿರಲಿಲ್ಲ, ಯಾರೂ ಬೈದಿರಲಿಲ್ಲ. ಆದರೂ 15 ತೆಗೆದವರ ಸರಾಸರಿ 19ಕ್ಕೆ ಏರಿತು. ಅದೇ ಸೂತ್ರದಲ್ಲಿ ಮೊದಲು 40 ತೆಗೆದವರ ಅಂದಾಜು 34ಕ್ಕೆ ಇಳಿಯುತ್ತದೆ. ಅವರನ್ನು ವೇದಿಕೆಗೆ ಕರೆದು ಚಪ್ಪಾಳೆ ಹೊಡೆದಿದ್ದಕ್ಕೆ ಇಳಿದರೆಂದು ಯಾರಾದರೂ ಹೇಳುತ್ತಾರೆಯೇ? ಒಂದು ದಿನದ ಪರೀಕ್ಷೆಯಲ್ಲಿ ಓದಿನ ಜೊತೆ ಅದೃಷ್ಟವೂ ಇರುತ್ತದೆ. ಓದಿದ ಪ್ರಶ್ನೆಯೇ ಬಂದಿರುತ್ತದೆ, ಅಥವಾ ಬಸ್ಸು ತಡವಾಗಿ ಅರ್ಧ ಗಂಟೆ ಹೋಗಿರುತ್ತದೆ. ತೀರ ಮೇಲೆ ಹೋದವರಲ್ಲಿ ಆ ದಿನ ಅದೃಷ್ಟ ಕೈಹಿಡಿದವರು ಹೆಚ್ಚು, ತೀರ ಕೆಳಗೆ ಬಿದ್ದವರಲ್ಲಿ ಅದು ಕೈಕೊಟ್ಟವರು ಹೆಚ್ಚು. ಮುಂದಿನ ಸಲ ಎರಡೂ ಕಡೆಯವರು ಸರಾಸರಿಯ ಕಡೆಗೆ ಸರಿಯುತ್ತಾರೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಮತ್ತು ಅವರ 928 ಮಕ್ಕಳ ಎತ್ತರ ಹೋಲಿಸಿ ಇದನ್ನೇ ಕಂಡ. ಬಹಳ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯಾಗಿ ಅವರಷ್ಟು ಎತ್ತರವಿರಲಿಲ್ಲ, ಬಹಳ ಗಿಡ್ಡ ತಂದೆತಾಯಿಯ ಮಕ್ಕಳು ಅವರಷ್ಟು ಗಿಡ್ಡವಿರಲಿಲ್ಲ. ರಿಗ್ರೆಷನ್ ಎಂಬ ಹೆಸರು ಬಂದದ್ದೇ ಆ ಕೆಲಸದಿಂದ. ಆದ್ದರಿಂದ ಬೈದ ಮೇಲೆ ಅಂಕ ಏರಿತು ಎಂಬುದು, ಬೈದದ್ದರಿಂದ ಏರಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಪಟ್ಟಿಯಿಂದ ಏನೂ ಆಗಲಿಲ್ಲ ಎಂದೂ ನಾನು ಹೇಳುತ್ತಿಲ್ಲ. ಆಯಿತು. ನನ್ನ ಹೆಸರಿನ ಕೆಳಗೆ ಮುದ್ದೇಬಿಹಾಳ ಕಡೆಯ ಒಬ್ಬ ಹುಡುಗನ ಹೆಸರಿತ್ತು. ಅವನಿಗೆ 16, ನನಗಿಂತ ಒಂದು ಹೆಚ್ಚು. ಪಟ್ಟಿ ಹಚ್ಚಿದ ಮೂರನೆಯ ವಾರ ಅವನು ಬರುವುದು ನಿಂತಿತು. ‘ಹೆಂಗೂ ಫೇಲ್ ಆಗಾವ ಇದ್ದೀ ಅಂತ ಕಾಲೇಜಿನವರೇ ಬರದಾರ, ಮತ್ತ ಬಸ್ಸಿನ ರೊಕ್ಕ ಯಾಕ ಹಾಳು’ ಎಂದು ಮನೆಯಲ್ಲಿ ಅಂದರಂತೆ. ಅವನ ಮಾಮೂ ಗೋವಾದಲ್ಲಿ ಕಟ್ಟಡ ಕೆಲಸದಲ್ಲಿದ್ದರು, ಅವರ ಜೊತೆ ಹೋದ. ಎರಡನೆಯ ಪರೀಕ್ಷೆಯ ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಗೈರು’ ಎಂದು ಬರೆದರು. ಅವನ ಮಟ್ಟಿಗೆ ಪಟ್ಟಿ ಹೇಳಿದ್ದು ನಿಜವಾಯಿತು ಎಂದು ಯಾರಾದರೂ ಅನ್ನಬಹುದು. ಪಟ್ಟಿಯೇ ಅದನ್ನು ನಿಜ ಮಾಡಿತು ಎಂದು ನಾನು ಅನ್ನುತ್ತೇನೆ. ನಾವು ಎರಡು ಪರೀಕ್ಷೆಗಳ ಗುಣಾಂಕ ಲೆಕ್ಕ ಹಾಕುವಾಗ ಅವನು ಅದರಲ್ಲಿ ಬರುವುದೂ ಇಲ್ಲ, ಏಕೆಂದರೆ ಎರಡನೆಯ ಅಂಕವೇ ಇಲ್ಲದವನ ಜೋಡಿ ಕೂಡುವುದಿಲ್ಲ. ನಮ್ಮ ಉದಾಹರಣೆಯ ಸೂತ್ರಕ್ಕೆ ಅವನ 16 ಹಾಕಿ ನೋಡಿದೆ. ಅಂದಾಜು 19.6 ಬಂತು.

ಅದಕ್ಕಾಗಿ ಪ್ರಾಚಾರ್ಯರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ನಾಲ್ಕು ಮನವಿಗಳಿವೆ.

ಮೊದಲನೆಯದು, ಪಟ್ಟಿ ಮಾಡಿ, ಆದರೆ ಬೋರ್ಡಿಗೆ ಹಚ್ಚಬೇಡಿ. ಹೆಸರಿದ್ದವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿ. ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿ.

ಎರಡನೆಯದು, ಮನೆಗೆ ಫೋನ್ ಮಾಡುವಾಗ ‘ಫೇಲಾಗುತ್ತಾನೆ’ ಎನ್ನುವ ಬದಲು ‘ಈ ಪರೀಕ್ಷೆಯಲ್ಲಿ ಇಷ್ಟು ಬಂದಿದೆ, ಹೆಚ್ಚಿನ ಪಾಠ ಬೇಕು’ ಎನ್ನಿ. ನಮ್ಮ ತಂದೆತಾಯಿಯರಲ್ಲಿ ಬಹಳ ಜನ ಕಾಲೇಜು ಕಂಡವರಲ್ಲ. ನೀವು ಹೇಳಿದ ಅಂದಾಜನ್ನು ಅವರು ಫೈಸಲಾ ಎಂದೇ ಕೇಳಿಸಿಕೊಳ್ಳುತ್ತಾರೆ.

ಮೂರನೆಯದು, ಪರಿಹಾರ ಬೋಧನೆಯ ತರಗತಿಗೆ 18ರಿಂದ 25ರ ನಡುವಿನವರನ್ನೂ ಸೇರಿಸಿ. ಮುಂದೆ ಫೇಲಾಗುವವರು ಅಲ್ಲಿಯೂ ಕುಳಿತಿದ್ದಾರೆ.

ನಾಲ್ಕನೆಯದು, ನಮ್ಮ ಎರಡು ಪರೀಕ್ಷೆಗಳ ಅಂಕಗಳನ್ನು ಹೆಸರು ತೆಗೆದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಕೊಡಿ. ಗುಣಾಂಕ ನಾವೇ ಹಾಕುತ್ತೇವೆ. ಉರ್ದು, ಕನ್ನಡ, ಇಂಗ್ಲಿಷ್ ಮಾಧ್ಯಮದಿಂದ ಬಂದವರದು ಬೇರೆ ಬೇರೆ ಹಾಕುತ್ತೇವೆ. ಯಾರಿಗೆ ಯಾವ ಸಹಾಯ ಬೇಕು ಎಂಬುದು ಆಗ ಊಹೆಯಿಂದಲ್ಲ, ಲೆಕ್ಕದಿಂದ ತಿಳಿಯುತ್ತದೆ.

ಒಂದೇ ಪರೀಕ್ಷೆ ಕೊನೆಯ ಮಾತಲ್ಲ ಎಂಬುದನ್ನು ರಾಜ್ಯವೇ ಒಪ್ಪಿಕೊಂಡಿದೆ. 2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಯಲ್ಲಿ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆದು ಹೆಚ್ಚು ಬಂದ ಅಂಕ ಉಳಿಸಿಕೊಳ್ಳುವ ಅವಕಾಶ ಬಂದಿದೆ. ವಾರ್ಷಿಕ ಪರೀಕ್ಷೆಯೇ ಎರಡನೆಯ ಅವಕಾಶ ಕೊಡುವಾಗ ಒಂದು ಕಿರುಪರೀಕ್ಷೆ ಅದನ್ನು ಕಿತ್ತುಕೊಳ್ಳಬಾರದು.

ಈಗ ಪಟ್ಟಿಯಲ್ಲಿರುವ ಪ್ರಥಮ ಪಿಯುಸಿಯ ತಮ್ಮ ತಂಗಿಯರಿಗೆ ಒಂದು ಮಾತು. ನಮ್ಮದು ಹಿಂಗಾರಿ ಸೀಮೆ. ಜೂನಿನ ಮಳೆ ಕೈಕೊಟ್ಟರೆ ನಮ್ಮೂರ ರೈತರು ಹೆಸರು, ತೊಗರಿ ಹೋಯಿತೆಂದು ಮರುಗುತ್ತಾರೆ. ಆದರೆ ಸೆಪ್ಟೆಂಬರ್ ಬಂದೊಡನೆ ಬಿಳಿಜೋಳಕ್ಕೆ, ಕಡಲೆಗೆ ಕೂರಿಗೆ ಸಿದ್ಧ ಮಾಡುತ್ತಾರೆ. ಮುಂಗಾರಿ ಹೋಯಿತೆಂದು ಹಿಂಗಾರಿ ಬಿತ್ತದೆ ಕುಳಿತವರನ್ನು ನಾನು ನಮ್ಮೂರಲ್ಲಿ ಕಂಡಿಲ್ಲ. ಎರಡನೆಯ ಕಿರುಪರೀಕ್ಷೆಗೆ ಇನ್ನೂ ಸಮಯವಿದೆ. ಲೆಡ್ಜರ್ ಅರ್ಥವಾಗದವರು ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದ ಹಿಂದಿನ ಬೆಂಚಿಗೆ ಬನ್ನಿ. ಉರ್ದುವಿನಲ್ಲಿ ಕೇಳಿದರೂ ಸರಿ, ಕನ್ನಡದಲ್ಲಿ ಕೇಳಿದರೂ ಸರಿ, ನನಗೆ ಬಂದಷ್ಟು ಹೇಳಿಕೊಡುತ್ತೇನೆ.